ಒಳಗ ಒಂದೂವರಿ ಇಂಚು

ನೆಟ್ಟಗ ನಿಂದರು ನೀಲಗಂಗಾ, ಉಸಿರು ಹಿಡೀಬ್ಯಾಡ.
ಟೇಪ್ ಮೈಗೆ ಹತ್ತಿದ ಕೂಡಲೇ ಎಲ್ಲಾ ಹುಡಿಗ್ಯಾರೂ
ಹೊಟ್ಟಿ ಒಳಗ ಎಳಕೋತಾರ.
ಆ ಅಳತಿಗೆ ಹೊಲದ್ರ
ಅಕ್ಕಿಕಾಳು ಬೀಳೂ ಹೊತ್ತಿಗೆ ಹುಕ್ಕು ಹಾರತಾವ.

ನಿನ್ನ ಫೋನಿನ್ಯಾಗಿನ ಫೋಟೋ ನೋಡಿದೆ. ಚಂದ ಐತಿ.
ಬೆನ್ನು ಪೂರಾ ಬಯಲು, ಎರಡು ಲಾಡಿ, ತುದಿಗೆ ಗೊಂಡೆ.
ಬ್ಯಾಡ ಅನ್ನಾಂಗಿಲ್ಲ, ಬೆನ್ನು ನಿಂದು.
ಆದ್ರ ಆಕಿ ನಿಂತದ್ದು ಏಸಿ ಹಾಲಿನ್ಯಾಗ.
ನೀ ಕುಂದರಾಕಿ ಗುಳೇದಗುಡ್ಡದಾಗ, ಮೇ ಹದಿನಾಕಕ್ಕ,
ತಗಡಿನ ಹಂದರದ ಕೆಳಗ.
ಸುತ್ತಲಿನ ಕಲ್ಲಗುಡ್ಡ ರಾತ್ರಿ ಹತ್ತರ ಮಟಾ ಬಿಸಿ ಉಗುಳತಾವ.
ಖಣ ತಗೋ.
ಬೆವರು ಕುಡೀತೈತಿ, ಯಾರಿಗೂ ಹೇಳಂಗಿಲ್ಲ.
ಗೊಂಡೆ ಬೇಕಂದ್ರ ಅದಕ್ಕs ಹಚ್ಚತೀನಿ.

ಎರಡು ಬಣ್ಣ ಬೆಳ್ಳಗ ಮಾಡು ಅಂತ
ಪಾರ್ಲರಿನಾಕಿಗೆ ನಿಮ್ಮ ಸ್ವಾದರತ್ತಿ ಹೇಳ್ಯಾಳಂತ.
ಮಾಡಿಸಿಕೋಬ್ಯಾಡ. ಮುಖ ಬೂದಿ, ಕೊರಳು ತಾಮ್ರ,
ಆಲ್ಬಮ್ಮಿನ್ಯಾಗ ಒಬ್ಬಾಕಿ ರುಂಡ, ಇನ್ನೊಬ್ಬಾಕಿ ಮುಂಡ.
ವಿಡಿಯೋದವನ ಲೈಟಿಗೆ ಪೀಚ್ ಬಣ್ಣ ಸತ್ತs ಹೋಗತೈತಿ,
ದಾಳಿಂಬರ ಕೆಂಪು ಉಡು, ಇಳಕಲ್ಲಿಂದು,
ಸೆರಗಿನ ಕೊಂಡಿ ಬೆರಳಿಗೆ ಹತ್ತಬೇಕು, ಮುಟ್ಟಿ ನೋಡಿ ತಗೋ.
ಕಾಡಿಗಿ ಮಾತ್ರ ನೀನೇ ಹಚ್ಚಿಕೋ.

ಚಪ್ಪಲಿ ಎಂಟು ದಿನ ಮೊದಲ ಮನ್ಯಾಗ ಮೆಟ್ಟು.
ದಂಡಿ ಕಟ್ಟೂ ಮೊದಲ ಒಂದು ಬಾಳಿಹಣ್ಣು ತಿಂದುಬಿಡು,
ಆಮ್ಯಾಲ ಯಾರೂ ಕೇಳಂಗಿಲ್ಲ.
ಉಡಿ ಭಾರ ಇರತೈತಿ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು,
ಮುಧೋಳದ ಬೀಗರು ಎಣಿಸಿ ಹಾಕೂ ಮಂದಿ ಅಲ್ಲ.
ಮೂರು ಪಿನ್ನು ಚುಚ್ಚಿಸಿಕೋ.

ನಿಮ್ಮವ್ವ ಹೊರಗ ಕಟ್ಟಿ ಮ್ಯಾಲ ಕುಂತಾಳಲ್ಲ,
ಆಕಿ ತಂದ ಗಂಟಿನ್ಯಾಗ ಆಕಿ ಮದಿವಿ ಕುಬಸ ಐತಿ.
ಗಿಳಿ ಹಸಿರು. ಹೊಲದಾಕಿ ನಾನs.
ಬಿಚ್ಚಿ ಮಗಳ ತೋಳಿಗೆ ಪಟ್ಟಿ ಮಾಡು ಅಂದ್ಲು.
ನಿನ್ನಿ ರಾತ್ರಿ ಬಿಚ್ಚಿದೆ.

ಬಗಲಾಗ ಎರಡೂ ಕಡೆ ಒಂದೂವರಿ ಇಂಚು ಬಿಟ್ಟs ಹೊಲೀತೀನಿ ನಾ.
ಮದಿವಿ ಮೈ ಮದಿವಿ ದಿನದ್ದಷ್ಟ,
ಮುಂದ ಬಸರೈತಿ, ಬಾಣಂತನ ಐತಿ, ಎದಿ ಹಾಲಿಗೆ ಬಿಗೀತಾವ.
ಒಳಗ ಮುಚ್ಚಿದ ಬಟ್ಟಿ ಇನ್ನೂ ಅವತ್ತಿನ ಹಸಿರs ಐತಿ, ತಂಗಿ,
ಅದರಾಗ ಸೂಜಿ ತೂತಿನ ಸಾಲು ಮೂರು.
ನಡುವಿಂದು ಮದಿವೀದು.
ಹೊರಗಿಂದು ನೀ ಹೊಟ್ಟ್ಯಾಗ ಇದ್ದಾಗ ಬಿಟ್ಟದ್ದು.
ಎಲ್ಲಾಕಿಂತ ಒಳಗಿಂದು,
ಅದರ ನೆನಪು ನನಗ ಬ್ಯಾಡಾಗಿತ್ತು.

ಕೆಂಪು ರಟ್ಟಿನ ಅಳತಿ ಪುಸ್ತಕ ತಗದೆ.
ಗೌರಕ್ಕ, ವೈಶಾಖ, ಎದಿ ಮೂವತ್ನಾಕು.
ಗೌರಕ್ಕ, ದೀಪಾವಳಿ, ಎದಿ ಮೂವತ್ತು.
"ಸಡ್ಲ ಆಗೈತಿ, ಹಿಡಿ" ಅಂದಿದ್ಲು, ಇದs ಜಾಗಾದಾಗ ನಿಂತು,
ಸೆರಗು ಮೊಣಕೈ ಮಟಾ ಎಳಕೊಂಡು.
ಹಿಡದೆ. ಹತ್ತು ರೂಪಾಯಿ ತಗೊಂಡೆ.
ಯಾಕ ಅಂತ ಕೇಳಲಿಲ್ಲ.
ಅವತ್ತು ಹಬ್ಬದ ಗಿರಾಕಿ ಬಾಳ ಇದ್ರು,
ಹಂಗಂತ ನನಗ ನಾನs ಹೇಳಿಕೊಂಡೀನಿ ಇಷ್ಟು ವರ್ಷ.

ಮುಂದ ನಿಮ್ಮ ಮುತ್ತ್ಯಾ ಹೋಗಿ ಜಗಳಾಡಿ ಬಂದನೋ,
ಅವರs ಬ್ಯಾರಿ ಮನಿ ಮಾಡಿದ್ರೋ ನಾ ಅರಿಯೆ.
ತುಂಬಿಕೊಂಡ್ಲು. ನೀ ಹುಟ್ಟಿದಿ.

ಆ ಖಣ ನಾ ಕತ್ತರಿಸಿಲ್ಲ. ತೋಳಿಗೆ ಬ್ಯಾರೆ ಹಾಕತೀನಿ,
ನಿಮ್ಮವ್ವಗ ಹೇಳಬ್ಯಾಡ, ನಾನs ಹೇಳತೀನಿ.

ಉಬ್ಬಿದ್ರ ಬಾ, ಬಿಡತೀನಿ.
ಸೊರಗಿದ್ರೂ ಬಾ,
ಆಗ ಸೂಜಿ ಹಿಡಿಯಾಂಗಿಲ್ಲ.
ಬಾಗಲಾ ಮುಂದ ಮಾಡಿ ಚಾ ಇಡತೀನಿ,
ಗಿರಾಕಿ ಎಷ್ಟs ಇರಲಿ.

ಕೈ ಎತ್ತು. ಹಾಂ, ಇಳಿಸು.
ಮೂವತ್ಮೂರೂವರಿ. ಬರಕೊಂಡೆ.
ಗುರುವಾರ ಬಾ, ಕರೆಂಟ್ ಇದ್ರ ಇಸ್ತ್ರಿ ಆಗಿರತೈತಿ.
ಮತ್ತ ಉಸಿರು ಹಿಡದಿಯಲ್ಲ, ಬಿಡು.