ಮೂತಿ ತಿದ್ದಿದ್ದು

ಬ್ರಾಕ್ಟನ್ನಿನ ಬೂಟು ಕಾರ್ಖಾನೆ, ಮೂರನೆಯ ಮಹಡಿ.
ಆ ಚಳಿಗಾಲ ನನಗಿದ್ದ ಕೆಲಸ ಇಷ್ಟೆ:
ಮೊಳೆ ಹೊಡೆಯುವ ಯಂತ್ರದ ಮೂತಿ ತಿದ್ದುವುದು.

ಉದ್ದ ಮೊಳೆ ಸಭ್ಯ. ತಲೆ ಮೇಲೆ, ಮೊನೆ ಕೆಳಗೆ,
ನಳಿಗೆಯಲ್ಲಿ ನೆಟ್ಟಗೆ ಇಳಿದು ಬರುತ್ತದೆ.
ತಕರಾರೆಲ್ಲ ಗಿಡ್ಡ ಮೊಳೆಯದು.
ಮೈಗಿಂತ ತಲೆ ಅಗಲ,
ಹಾದಿಯ ನಡುವೆಯೇ ಲಾಗ ಹಾಕಿ
ಅಡ್ಡ ಮಲಗಿಬಿಡುತ್ತದೆ.
ಮೇಲಿಂದ ಬಡಿಗೆ ಬೀಳುತ್ತದೆ, ಅದಕ್ಕೇನು ಕಣ್ಣೆ?
ಮೊಳೆ ಮುದ್ದೆ, ತೊಗಲು ತೂತು,
ಒಂದು ಜೊತೆ ಬೂಟು ರದ್ದಿಗೆ.
ಮೇಸ್ತ್ರಿ ಹಾರ್ಟ್‌ವೆಲ್ ಆ ರದ್ದಿಯನ್ನೆಲ್ಲ
ನನ್ನ ಮೇಜಿನ ಕೆಳಗೇ ಸುರಿಸುತ್ತಿದ್ದ,
ಏನೂ ಅನ್ನದೆ.
ಫೆಬ್ರವರಿಯ ಹೊತ್ತಿಗೆ ಕಾಲು ಚಾಚಲು ಜಾಗವಿರಲಿಲ್ಲ.

ನಳಿಗೆ ಸಪೂರ ಮಾಡಿದೆ: ತಲೆಗಳು ಕಚ್ಚಿಕೊಂಡವು.
ತುದಿಗೆ ಅಯಸ್ಕಾಂತ ಕಟ್ಟಿದೆ: ಎರಡು ದಿನ ಸ್ವರ್ಗ,
ಮೂರನೆಯ ದಿನ ಉಕ್ಕಿನ ಪುಡಿ ಮೆತ್ತಿ
ಮೂತಿಗೆ ಗಡ್ಡ ಬಂತು.

ಕಿಟಕಿಯ ಪಕ್ಕ ಮೊತಿಯೇಯುಸ್ ಕೂರುತ್ತಿದ್ದ,
ಲಿಥುವೇನಿಯಾದವನು,
ಕೈಯಿಂದಲೇ ಮೊಳೆ ಹೊಡೆಯುವ
ಕೊನೆಯ ಏಳು ಜನರಲ್ಲಿ ಒಬ್ಬ.
ಬೆಳಿಗ್ಗೆ ಒಂದು ಹಿಡಿ ಬಾಯಿಗೆಸೆದುಕೊಂಡನೆಂದರೆ
ಮಧ್ಯಾಹ್ನದ ಗಂಟೆಯವರೆಗೆ ತುಟಿ ಪಿಟಕ್ಕೆನ್ನುವಂತಿಲ್ಲ.
ಹನ್ನೊಂದು ವರ್ಷ ಒಂದೇ ಮಹಡಿ,
ಅವನ ದನಿ ಹೇಗಿದೆಯೋ ನನಗೆ ಗೊತ್ತಿರಲಿಲ್ಲ.
ಮಾತು ಮೊಳೆಯಬೇಕಾದ ಜಾಗದಲ್ಲೆಲ್ಲ
ಮೊಳೆ.

ಒಂದು ಸಂಜೆ ಸೋತು, ಸುಮ್ಮನೆ ಅವನನ್ನೇ ನೋಡುತ್ತ ಕೂತೆ.
ಕೆನ್ನೆಯೊಳಗೆ ನಾಲಗೆ ಹೊರಳುತ್ತದೆ,
ರಾಶಿಯಲ್ಲಿ ಒಂದನ್ನೇ ಹೆಕ್ಕುತ್ತದೆ,
ಕತ್ತಲಲ್ಲೇ ತಿರುಗಿಸಿ ನೂಕುತ್ತದೆ,
ತುಟಿಗಳ ಸಂದಿಯಲ್ಲಿ ಪುಟ್ಟ ತಲೆಯೊಂದು ಇಣುಕುತ್ತದೆ.
ಇಣುಕಿ, ನಿಲ್ಲುತ್ತದೆ.
ಸುತ್ತಿಗೆಯ ತುದಿ ಬಂದು ಮುಟ್ಟಿದಾಗಷ್ಟೆ
ತುಟಿ ಸಡಿಲ.

ನಿಲ್ಲುತ್ತದೆ!
ಇಷ್ಟು ದಿನ ಇಳಿಸುವುದನ್ನೇ ಯೋಚಿಸಿದ್ದೆನಲ್ಲ,
ಪೆದ್ದ.

ನಳಿಗೆ ಮೊಟಕು ಮಾಡಿದೆ,
ಲಾಗ ಹಾಕಲು ದೂರವೇ ಇರದ ಹಾಗೆ.
ತುದಿಯಲ್ಲಿ ಉಕ್ಕಿನ ಎರಡು ಎಸಳು, ಹಿಂದೊಂದು ಸ್ಪ್ರಿಂಗು,
ಒಳಬದಿಯಲ್ಲಿ ಮೊಳೆಯ ಕತ್ತಿಗೆ ಹೊಂದುವ ಗೀರು.
ಬಂದದ್ದನ್ನು ತಡೆದು, ನೆಟ್ಟಗೆ ಹಿಡಿದು,
ಬಡಿಗೆ ಇಳಿದಾಗ ಬಿರಿದು,
ತಲೆ ದಾಟಿದ ಮೇಲೆ ಮತ್ತೆ ಮುಚ್ಚಿಕೊಳ್ಳಬೇಕು.
ಮೊದಲ ಸ್ಪ್ರಿಂಗು ಗಡುಸಾಯಿತು, ಎರಡನೆಯದು ಪೊಳ್ಳು;
ಮೂರನೆಯದು ನನ್ನ ಹೆಂಡತಿಯ ಗಡಿಯಾರದ್ದು.
ಅದು ಅವಳಿಗೆ ಮೇ ತಿಂಗಳವರೆಗೆ ತಿಳಿಯಲಿಲ್ಲ.

ನಕ್ಷೆಯಲ್ಲಿ ‘ತುಟಿಗಳು’ ಎಂದು ಬರೆದಿದ್ದೆ.
ಬಾಸ್ಟನ್ನಿನ ವಕೀಲ ಅದನ್ನು ಹೊಡೆದುಹಾಕಿ
‘ಸ್ಥಿತಿಸ್ಥಾಪಕ ದವಡೆಗಳು’ ಎಂದು ತಿದ್ದಿದ.
ತುಟಿ ಎಂದರೆ, ಯಾರದು ಎಂದು ಕೇಳುತ್ತಾರಂತೆ.

ಏಪ್ರಿಲ್‌ನಲ್ಲಿ ಹದಿನಾಲ್ಕು ಸಾವಿರ ಮೊಳೆಗೆ
ಅಡ್ಡಬಿದ್ದದ್ದು ಮೂರು.
ಹಾರ್ಟ್‌ವೆಲ್ ನನಗೊಂದು ಸಿಗಾರ್ ಹಚ್ಚಿಕೊಟ್ಟ.
ಆಚೆ, ಕಿಟಕಿಯ ಪಕ್ಕದ ಏಳು ಸ್ಟೂಲುಗಳನ್ನು
ಒಂದರ ಮೇಲೊಂದು ಪೇರಿಸುತ್ತಿದ್ದರು.

ಮೊತಿಯೇಯುಸ್ ಬಂದ. ಕೋಟು ಹಾಕಿಕೊಂಡಿದ್ದ.
ಯಂತ್ರದ ತೊಟ್ಟಿಯಿಂದ ಒಂದು ಮೊಳೆ ತೆಗೆದು
ಬಾಯಿಗೆ ಹಾಕಿದ, ಹೊರಳಿಸಿದ,
ಅಂಗೈಗೆ ಉಗುಳಿಕೊಂಡ.
‘ಎಣ್ಣೆ’ ಅಂದ.
ತೆಳ್ಳಗಿನ ದನಿ, ಮೀಸೆ ಬಾರದ ಹುಡುಗನದರಂತೆ.
ಮೂತಿಯನ್ನು ಬೆರಳಿನಿಂದ ಸವರಿ,
‘ಇದಕ್ಕೆ ಅಸಹ್ಯವಾಗುವುದಿಲ್ಲವೆ?’ ಎಂದು ಕೇಳಿದ.
ನಾನು ಏನೂ ಹೇಳಲಿಲ್ಲ.
ನನ್ನ ಬಾಯಲ್ಲಿ ಸಿಗಾರ್ ಇತ್ತು.

ಈಗ ಶುಕ್ರವಾರ ಮೀನು ತಿನ್ನುವಾಗ
ಒಮ್ಮೊಮ್ಮೆ ಮುಳ್ಳೊಂದು ಸಿಗುತ್ತದೆ.
ನಾಲಗೆಯಿಂದ ಅದನ್ನು ತಿರುಗಿಸುತ್ತೇನೆ,
ಮೊಂಡು ತುದಿ ಮುಂದಾಗಿ ತುಟಿಗೆ ತಂದು
ಹಿಡಿದು ನಿಲ್ಲುತ್ತೇನೆ.
ಹತ್ತಕ್ಕೆ ಆರು ಸಲ ಅಡ್ಡ ಬೀಳುತ್ತದೆ.