ಹಿಡಿಕಿ

ಕಾನಪುರದ ಕಾರ್ಖಾನ್ಯಾಗ ಹುಟ್ಟಿದ್ದು, ಬತ್ತೀಸ ಬೋರಿನ ಪಿಸ್ತೂಲು.
ಲಾಯಸನ್ಸ ಸಾಂಗ್ಲಿದು.
ಗುರುಪಾದ ಅನ್ನೂ ನನ್ನ ಹೆಸರು
ಮರಾಠಿ ಕಾರಕೂನನ ಕೈಯಾಗ ಗುರುಪಾತ ಆಗೇತಿ,
ಗುರುನ ಜಾರಿ ಬಿದ್ದಂಗ.
ತಿದ್ದಸಾಕ ಮೂರು ಸಲ ಹೋದೆ. ನಾಲ್ಕನೇ ಸಲ ಬಸ್ಸು ತಪ್ಪಿತು.

ಸೊಲ್ಲಾಪುರದಾಗ ಹದಿನೆಂಟು ವರ್ಷ
ಬ್ಯಾಂಕಿನ ರೊಕ್ಕದ ಗಾಡಿ ಕಾಯ್ದವ ನಾನು.
ಮಂದೀ ರೊಕ್ಕ, ಕಂಪನೀ ಬಂದೂಕು;
ಯಾರ ಮ್ಯಾಲೂ ಹಾರಿಸಲಿಲ್ಲ, ಯಾರೂ ಹಾರಸು ಅನ್ನಲಿಲ್ಲ.
ಉಮದಿಗೆ ಬಂದ ಮ್ಯಾಲೆ ಕೈ ಸುಮ್ಮ ಕೂಡವಲ್ದು.

ಕರೀ ಪ್ಲಾಸ್ಟಿಕ್ಕಿನ ಹಿಡಿಕಿ,
ಬ್ಯಾಸಿಗ್ಯಾಗ ಬೆವರಿಗೆ ಜಾರೂದು,
ಜಾತ್ರಿ ಗದ್ದಲದಾಗ ಅಪ್ಪಿತಪ್ಪಿ
ಯಾರದೋ ಕೈ ಹಿಡದಂಗ.
ಬಿಚ್ಚಿದೆ. ಎರಡ ಸ್ಕ್ರೂ, ಅಷ್ಟ.
ಒಳಗ ಬರೇ ಕಬ್ಬಿಣದ ಎಲುಬು.

ಬಡಿಗೇರ ಇಮಾಮಸಾಬ ಸಾಗವಾನಿ ತೋರಿಸಿದ, ಮೆತ್ತಗಾತು.
ಶೀಸಮ್ ತೋರಿಸಿದ, ರೇಟು ಕೇಳಿ ಚಾ ಕುಡದು ಎದ್ದೆ.
ಹಿತ್ತಲದಾಗ ಬೀಸುಕಲ್ಲಿತ್ತು. ಅದರ ಗೂಟ, ಹಳೇ ಜಾಲಿ.
ಅವ್ವ ನಲವತ್ತು ವರ್ಷ ತಿರುವಿ ತಿರುವಿ
ನಡಕ ಸಣ್ಣಾಗಿ, ಮ್ಯಾಲ ಕನ್ನಡಿಯಂಗ.
ಎಳದೆ. ಬರಲಿಲ್ಲ. ಬಡದೆ. ಬಂತು.

ಗರಗಸ ಹಾಕಿದಾಗ ಜೋಳದ ವಾಸನಿ ಬರತೈತಿ ಅನಕೊಂಡಿದ್ದೆ.
ಇಲ್ಲ. ಬರೇ ಕಟಗಿ ವಾಸನಿ.

ಎಂಬತ್ತರ ಉಸುಕಿನ ಕಾಗದ, ಆಮ್ಯಾಲ ಎರಡನೂರಾ ಇಪ್ಪತ್ತು,
ಆಮ್ಯಾಲ ಕಸ್ತೂರಿಯ ಹಳೇ ಇಳಕಲ್ ಸೀರಿ ತುಂಡು.
ಅಗಸಿ ಎಣ್ಣಿ ಏಳ ಸಲ ಉಣಿಸಿದೆ,
ಸಲಕ್ಕೊಂದು ರಾತ್ರಿ ಒಣಗಾಕ.
ಕೈ ಜಾರಬಾರದಂತ ಮುಮ್ಮೂಲಿ ಅರದಿಂದ ಗೆರಿ ಕೊರದೆ,
ಅಡ್ಡ ಒಂದು, ಓರಿ ಒಂದು.
ಕಸ್ತೂರಿ ಕೌದಿ ಹೊಲಿಯೂದು ನಿಲ್ಲಿಸಿ ನೋಡಿದಳು:
"ನನ್ನ ಹೊಲಿಗಿ ಕದ್ದೀರಿ. ಅದೂ ಸೊಟ್ಟ.
ಹೆಸರು ಒಡಿಯಾಕ ಕಲ್ಲಿಗೆ ಕುತ್ತಿಗಿ ಇಲ್ಲದಂಗ ಮಾಡೀರಿ,
ಯಾರನ್ನ ಹೊಡಿಯಾವ್ರು?"
"ಯಾರನ್ನೂ ಇಲ್ಲ."
"ಮತ್ತ?"
ಮತ್ತ ಅನ್ನೂದಕ್ಕ ನನ್ನ ಕಡೆ ಮಾತಿರಲಿಲ್ಲ,
ಬೆರಳಿನ ಸಂದಿನ್ಯಾಗ ಕಟಗಿ ಪುಡಿ ಇತ್ತು.

ಕೂಡಿಸಿದ ದಿನ ಖಾಲಿ ಐತೋ ಎರಡ ಸಲ ನೋಡಿ
ಕಣ್ಣ ಮುಚ್ಚಿ ಹಿಡದೆ.
ಅಂಗೈಗೆ ಅಂಗೈ ಕೊಟ್ಟಂಗ ಕುಂತಿತು.
ಅವತ್ತ ಸಂಜೀಕ ಡಂಗುರ: ಇಲೆಕ್ಷನ್ ಬಂತು,
ಹತ್ಯಾರ ಇದ್ದವ್ರು ಠಾಣೆಕ್ಕ ಜಮಾ ಮಾಡ್ರಿ.

ಪೋಲೀಸ್ ಕೊಳೇಕರ್ ಪಾವತಿ ಹರದು ಕೊಟ್ಟ.
ಅದರಾಗೂ ಗುರುಪಾತ.
ನಲವತ್ತೆಂಟು ದಿನ ನನ್ನ ಕೈ
ರೇಡಿಯೋ ಬಿಚ್ಚಿತು, ನಳ ಬಿಚ್ಚಿತು,
ಕಲ್ಲಿಗೆ ಬೇವಿನ ಗೂಟ ಕೆತ್ತಿತು.
ಕಸ್ತೂರಿ ಒಂದ ಸುತ್ತು ತಿರುವಿ ಬಿಟ್ಟಳು:
"ಹೊಸಾದು. ಇದಕಿನ್ನಾ ಕೈ ಗೊತ್ತಿಲ್ಲ."

ಮತ ಎಣಿಸಿ ಮುಗಿದ ಮರುದಿನ ಹೋದೆ.
ಕೊಳೇಕರ್ ಅರಬಿ ಬಿಚ್ಚಿದ.
ಬಲಗಡೆ ಹಿಡಿಕಿ ಮ್ಯಾಲ, ನನ್ನ ಗೆರಿಗಳ ನಡಕ,
ಮೊಳಿಯಿಂದ ಕೊರದಿದ್ದರು: ೪೧.
"ಚೀಟಿ ಉದುರತಾವ ಸಾಹೇಬ, ಬದಲಾಗಬಾರದಲ್ಲಾ," ಅಂದ.
ತಡದು, ದನಿ ಇಳಿಸಿ,
"ಮಸ್ತ ಆಗೇತಿ. ನನ್ನ ಲಾಠಿಗೊಂದು ಇಂಥಾದ ಮಾಡಿ ಕೊಡ್ತೀರೇನು?"

ಸಿಟ್ಟು ಬಸ್ಸಿನತನಕ ನನ್ನ ಜೋಡಿ ಬಂತು.
ಮನ್ಯಾಗ ಉಸುಕಿನ ಕಾಗದ ತಗೊಂಡು ಕುಂತೆ.
ಕಸ್ತೂರಿ ಕನ್ನಡಕ ಏರಿಸಿ, ಹೆಬ್ಬೆರಳಿಂದ ಸವರಿ,
"ನಾಲ್ಕು ನೋಡ್ರಿ, ಎಷ್ಟ ನೆಟ್ಟಗ ಕೊರದಾನ,
ನಿಮ್ಮ ಗೆರಿಕಿಂತ ನೆಟ್ಟಗ," ಅಂದು ಒಳಗ ಹೋದಳು.

ಕಾಗದ ಮಡಚಿ ಇಟ್ಟೆ.
ಮುಂದಿನ ವರ್ಷ ಜಿಲ್ಲಾ ಪರಿಷತ್ತಿಂದು ಐತಂತ.
ಎಡಗಡೆ ಇನ್ನೂ ಖಾಲಿ ಐತಿ.