ನನ್ನ ಬಲ, ಅವರ ಎಡ

ಹುಟ್ಟು ಹಾಕುವ ಎಂಟು ಮಂದಿಗೂ
ಹೋಗುವ ದಿಕ್ಕಿಗೆ ಬೆನ್ನು.
ಅವರಿಗೆ ಕಾಣುವುದು ದಾಟಿ ಬಂದ ನೀರು,
ಸಣ್ಣದಾಗುತ್ತ ಹೋಗುವ ಕೂಳೂರು ಸೇತುವೆ,
ಮತ್ತೆ ನನ್ನ ಮುಖ.
ಎದುರಿನದು ಕಾಣುವುದು ನನಗೊಬ್ಬಳಿಗೆ.
ಅದಕ್ಕೆಂದೇ ಹಿಡಿದು ತಂದದ್ದು ನನ್ನನ್ನು:
ನಲವತ್ತೊಂದು ಕೆಜಿ, ದೊಡ್ಡ ಬಾಯಿ,
ಬೆಂಗ್ರೆ ಫೆರಿಯಲ್ಲಿ ಚೀಟಿ ಹರಿಯುವವನ ಮಗಳು.
ಹೊಳೆ ನಿನಗೆ ಗೊತ್ತಲ್ಲ ಮಾರಾಯ್ತಿ, ಎಂದಿದ್ದ
ಪ್ರೀತೇಶ್ ತಿಂಗಳಾಯ.
ಗೊತ್ತಿತ್ತು.

ನಮ್ಮದು ಧಕ್ಕೆ ಕಾಲೇಜು, ಅವರದು ಗುಡ್ಡೆಯದ್ದು.
ಮೂವತ್ತೆರಡು ವರ್ಷದ ಜಿದ್ದು.
ಅವರ ಜೆರ್ಸಿ ಬಿಳಿ. ನಮ್ಮದು ತೊಳೆದೂ ತೊಳೆದೂ
ಯಾವ ಬಣ್ಣವೆಂದು ನಾವೇ ಮರೆತದ್ದು.
ಸೋತವರು ಗೆದ್ದವರಿಗೆ ಗೋಳಿಬಜೆ ಕೊಡಿಸಬೇಕು,
ಯಾರು ಮಾಡಿದ ಪದ್ಧತಿಯೋ.
ಐದು ವರ್ಷದಿಂದ ನಾವೇ ಕೊಡಿಸುತ್ತಿದ್ದೆವು.

ಏಳು ಗಂಟೆಗೆ ಪಂದ್ಯವೆಂದು ಬರೆದಿತ್ತು.
ಏಳಕ್ಕೆ ತುಂಬಿ ನಿಂತ ಹೊಳೆ, ಬಾವುಟ, ಬ್ಯಾಂಡು.
ಪೊಲೀಸರ ದೋಣಿ ಬೆಳಗಾಗುವ ಮೊದಲೇ
ದಡದುದ್ದಕ್ಕೂ ಕೂಗಿ ಹೋಗಿತ್ತು:
ಇವತ್ತು ನೀರಿಗಿಳಿದವರ ಪಾತ್ರೆ ಜಪ್ತಿ,
ಇಡೀ ವರ್ಷ ಮರುವಾಯಿ ಬಂದ್.
ಮುಖ್ಯ ಅತಿಥಿ ಬಂದದ್ದು ಹತ್ತೂವರೆಗೆ.
ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ,
ಬದುಕೂ ಒಂದು ದೋಣಿಯೇ ಎಂಬ ಮಾತು.
ಇಳಿತ ಯಾವ ಅತಿಥಿಗೂ ಕಾಯುವುದಿಲ್ಲ.

ಒಂಜಿ... ರಡ್ಡ್.
ಒಂಜಿ... ರಡ್ಡ್.
ಎಂಟು ಬೆನ್ನು ಒಟ್ಟಿಗೆ ಬಾಗಿ ಒಟ್ಟಿಗೆ ಏಳುವಾಗ
ದೋಣಿ ನೀರಿನ ಮೇಲಲ್ಲ, ಒಂದಂಗುಲ ಎತ್ತರದಲ್ಲಿ
ಇನ್ಯಾವುದರ ಮೇಲೋ ಹೋಗುತ್ತದೆ.
ಬೋಳೂರಿನ ನೇರಕ್ಕೆ ನಾವು ಅರ್ಧ ದೋಣಿ ಮುಂದೆ.
ಅರ್ಧ ದೋಣಿ ಎಂದರೆ ಐದು ವರ್ಷ.

ಆಗ ಕಂಡಿತು. ತೆಂಗಿನಕಾಯಿ ಎಂದುಕೊಂಡೆ.
ತೆಂಗಿನಕಾಯಿ ತಲೆಗೆ ಬಟ್ಟೆ ಕಟ್ಟುವುದಿಲ್ಲ.
ಬೀಫಾತುಮ್ಮ. ಕುತ್ತಿಗೆವರೆಗೆ ನೀರು,
ಪಕ್ಕದಲ್ಲಿ ತೇಲುವ ಅಲ್ಯೂಮಿನಿಯಂ ಪಾತ್ರೆ,
ಕಾಲಬೆರಳಿಂದ ಕೆಸರಲ್ಲಿ ಮರುವಾಯಿ ತಡವುತ್ತ.
ಅವಳ ಕಿವಿ ಮಂದ, ಇಡೀ ಫೆರಿಗೆ ಗೊತ್ತು.
ಎಡಕ್ಕೆ ಗುಡ್ಡೆಯವರ ದೋಣಿ,
ಬಲಕ್ಕೆ ತಣ್ಣೀರುಬಾವಿಯ ಮರಳು.

ಬಲಕ್ಕೆ, ಎಂದು ಕಿರುಚಿದೆ.
ನನ್ನ ಬಲ, ಅವರ ಎಡ.
ಒಬ್ಬನೂ ಯಾಕೆಂದು ಕೇಳಲಿಲ್ಲ.
ಕೇಳುವುದಕ್ಕೆ ಉಸಿರು ಬೇಕು.

ಹುಟ್ಟು ಮರಳಿಗೆ ತಾಗಿದ ಸದ್ದು
ಅಕ್ಕಿಯಲ್ಲಿ ಕಲ್ಲು ಕಡಿದ ಹಾಗೆ.
ಅನ್ಸಿಲನ ಕೈಯಿಂದ ಒಂದು ಜಾರಿತು.
ಬಿಳಿ ಜೆರ್ಸಿಗಳು ದಾಟಿದವು, ಕೂಗುತ್ತ.
ಆಮೇಲೆ, ಆಮೇಲೆ ಮಾತ್ರ, ಇವರಿಗೆ ಕಂಡದ್ದು
ನಮ್ಮ ಅಲೆಗೆ ಪಾತ್ರೆ ಅಪ್ಪಿ ಹಿಡಿದ ಮುದುಕಿ.
ನಾನು ತಿರುಗಲಿಲ್ಲ.
ಎಂಟು ಮುಖಗಳಲ್ಲಿ ಅವಳು ಹಿಂದಾಗುವುದನ್ನು ನೋಡಿದೆ.

ಸುಲ್ತಾನ್ ಬತ್ತೇರಿಯ ದಡದಲ್ಲಿ
ಏನಾಯಿತೆಂದು ಸರ್ ಕೇಳಿದರು.
ಪೊಲೀಸರು ಅಲ್ಲೇ ಕಬ್ಬಿನಹಾಲು ಕುಡಿಯುತ್ತಿದ್ದರು.
ಪ್ರೀತೇಶ ನನ್ನನ್ನು ನೋಡಿದ, ನಾನು ಹೊಳೆಯನ್ನು.
ಚುಕ್ಕಾಣಿ ತಪ್ಪಿತು ಸರ್, ಎಂದೆ.
ಹೌದು ಸರ್, ಇವಳಿಗೆ ಎಡ ಬಲ ಗೊತ್ತಿಲ್ಲ,
ಎಂದ ಮುಷ್ತಾಕ, ಬೇಕಾದದ್ದಕ್ಕಿಂತ ಜೋರಾಗಿ.
ಗೋಳಿಬಜೆಯ ಬಿಲ್ಲು ಇನ್ನೂರ ಎಂಬತ್ತು.
ನನ್ನ ಪಾಲನ್ನು ಯಾರು ಕೊಟ್ಟರೋ, ಇನ್ನೂ ತಿಳಿದಿಲ್ಲ.

ಮರುದಿನ ಬೀಫಾತುಮ್ಮ ನಮ್ಮ ಬಾಗಿಲಿಗೆ ಬಂದಳು.
ನಿನ್ನೆ ಯಾವುದೋ ಕಣ್ಣಿಲ್ಲದ ಕತ್ತೆಗಳ ದೋಣಿ
ನನ್ನ ಪಾತ್ರೆ ಮಗುಚುವುದರಲ್ಲಿತ್ತು,
ಅರ್ಧ ಚೆಲ್ಲಿಹೋಯಿತು, ಎಂದಳು.
ಕತ್ತೆಗಳೇ, ಎಂದೆ ಅವಳ ಕಿವಿಯ ಹತ್ತಿರ.
ನೂರು ಎಣಿಸಿ ಹಾಕಿದಳು.
ಕೊಸರಿಗೆ ಒಂದೂ ಇಲ್ಲ.